ಅರ್ಧಕ್ಕೆ ಎದ್ದ ಊಟ

ಅಧ್ಯಾಪಕನಾಗಿ ಸೇರಿದ ವರ್ಷ, ತಿರುವನಂತಪುರದಲ್ಲಿ ನಡೆದ ತರಬೇತಿಯ ಕೊನೆಯ ರಾತ್ರಿ ಔತಣವಿತ್ತು. 31ರ ಪ್ರಾಯದಲ್ಲಿ ನಾನು ಮೊದಲ ಬಾರಿಗೆ ಫೋರ್ಕು ಹಿಡಿದೆ. ಪಕ್ಕದವರನ್ನು ಓರೆಗಣ್ಣಿನಿಂದ ನೋಡುತ್ತ, ಎಡಗೈಗೆ ಫೋರ್ಕು, ಬಲಗೈಗೆ ಚಾಕು ಎಂಬಷ್ಟನ್ನು ಕಲಿತೆ. ನೀರು ಕುಡಿಯಲೆಂದು ಎರಡನ್ನೂ ತಟ್ಟೆಯ ಮೇಲೆ ಒಪ್ಪವಾಗಿ ಜೋಡಿಸಿಟ್ಟೆ. ಮರುಕ್ಷಣವೇ ಪರಿಚಾರಕ ಬಂದು, ಅರ್ಧ ತುಂಬಿದ್ದ ತಟ್ಟೆಯನ್ನು ಒಯ್ದ. ಜೋಡಿಸಿಟ್ಟರೆ ಊಟ ಮುಗಿಯಿತೆಂದೂ ಓರೆಯಾಗಿ ಬಿಡಿಸಿಟ್ಟರೆ ಇನ್ನೂ ಇದೆಯೆಂದೂ ಅರ್ಥವಂತೆ. ಕೇಳುವ ಧೈರ್ಯವಾಗದೆ ಹಸಿದೇ ಮಲಗಿದೆ.

ಆ ರಾತ್ರಿ ನೆನಪಾದದ್ದು ಕಾಸರಗೋಡಿನ ನಮ್ಮ ಮನೆಯ ಒಂದು ಮದುವೆ. ಬಾಳೆಲೆಯ ತುದಿ ಎಡಕ್ಕಿರಬೇಕು, ಪಂಕ್ತಿಯ ಹಿರಿಯರು ಏಳುವ ಮೊದಲು ಏಳಬಾರದು ಎಂಬುದೆಲ್ಲ ನಮಗೆ ಅಕ್ಷರಕ್ಕಿಂತ ಮೊದಲೇ ಬಂದಿತ್ತು. ದೂರದಿಂದ ಬಂದಿದ್ದ ಅತಿಥಿಯೊಬ್ಬರು ಸಾರನ್ನ ಮುಗಿಸಿ, ಊಟವಾಯಿತೆಂದು ತಿಳಿದು ಎದ್ದುಬಿಟ್ಟರು. ಪಾಯಸ ಇನ್ನೂ ಒಲೆಯ ಬಳಿಯೇ ಇತ್ತು. ಹುಡುಗರೆಲ್ಲ ನಕ್ಕೆವು, ನನ್ನ ನಗುವೇ ಜೋರಾಗಿತ್ತು. ಅಜ್ಜಿಯೊಬ್ಬರೇ ಅವರನ್ನು ಒಳಗೆ ಕರೆದು, ಬೇರೊಂದು ಎಲೆ ಹಾಕಿಸಿ, ಎದುರಿಗೆ ತಾವೂ ಕುಳಿತರು.

ಈಗ ಫೋರ್ಕಿನ ಬಳಕೆ ತಕ್ಕಮಟ್ಟಿಗೆ ಬಂದಿದೆ, ಬಟಾಣಿಯ ವಿಷಯವೊಂದನ್ನು ಬಿಟ್ಟು. ಆ ಅತಿಥಿಯ ಹೆಸರು ಮಾತ್ರ ಮನೆಯಲ್ಲಿ ಯಾರನ್ನು ಕೇಳಿದರೂ ನೆನಪಿಲ್ಲ.