ಕಾಲಿನ ಕಸುವು

ಉಡುಪಿ, ಕಾಪು, ಕಾರ್ಕಳದ ಕಡೆಯ ಹಳೆಯ ಮನೆಗಳಲ್ಲಿ ವ್ಯಾಯಾಮಕ್ಕೆಂದು ಬೇರೆ ಹೊತ್ತು ಇರಲಿಲ್ಲ; ಬಾವಿಯಿಂದ ಕೊಡಪಾನದಲ್ಲಿ ನೀರು ಸೇದುವುದು, ಕಡೆಯುವ ಕಲ್ಲಿನ ಮುಂದೆ ಕುಳಿತು ದೋಸೆಗೆ ಅಕ್ಕಿ ಕಡೆಯುವುದು, ಹಟ್ಟಿಗೂ ತೋಟಕ್ಕೂ ಹೋಗಿ ಬರುವುದು, ನೆಲದಲ್ಲಿ ಎಲೆ ಹಾಕಿ ಉಂಡು ಏಳುವುದು, ಇವೆಲ್ಲ ಸೇರಿ ಎಪ್ಪತ್ತು ದಾಟಿದವರ ಸೊಂಟ, ತೊಡೆ, ಮೊಣಕಾಲುಗಳನ್ನು ದಿನವೂ ದುಡಿಸುತ್ತಿದ್ದವು. ಆ ದುಡಿಮೆಯನ್ನು ಹೊಗಳಿ ಕೊಂಡಾಡಬೇಕಾಗಿಲ್ಲ, ಏಕೆಂದರೆ ಮೀನಿನ ಬುಟ್ಟಿ ಹೊತ್ತು ಮನೆಮನೆ ತಿರುಗಿದ ಹೆಂಗಸರ ಕುತ್ತಿಗೆಯನ್ನೂ ಮೊರವನ್ನು ಮಡಿಲಲ್ಲಿಟ್ಟು ಗಂಟೆಗಟ್ಟಲೆ ಬೀಡಿ ಕಟ್ಟಿದವರ ಬೆನ್ನನ್ನೂ ಸವೆಸಿದ್ದು ಅದೇ. ಆದರೂ ಪಂಪು, ಮಿಕ್ಸಿ, ಮಂಚ, ಊಟದ ಮೇಜುಗಳು ಬಂದ ಮೇಲೆ ಶ್ರಮ ಇಳಿದುದರ ಜೊತೆಗೆ ದೇಹದ ಅಭ್ಯಾಸವೂ ತಪ್ಪಿತು, ಮತ್ತು ಅದನ್ನು ತುಂಬಿಕೊಡುವ ಬೇರೊಂದು ಏರ್ಪಾಡು ಹೆಚ್ಚಿನ ಮನೆಗಳಲ್ಲಿ ಆಗಲಿಲ್ಲ.

ವಯಸ್ಸಾದಂತೆ ಸ್ನಾಯುಗಳ ಗಾತ್ರವೂ ಬಲವೂ ಕುಗ್ಗುವ ಸ್ಥಿತಿಗೆ 1989ರಲ್ಲಿ ಅಮೆರಿಕದ ವೈದ್ಯ ಅರ್ವಿನ್ ರೋಸೆನ್‌ಬರ್ಗ್ ಸಾರ್ಕೋಪೀನಿಯಾ ಎಂದು ಹೆಸರಿಟ್ಟರು. ಅದು ಮೊದಲು ಗೊತ್ತಾಗುವುದು ತೊಡೆಯ ಮುಂಭಾಗದ ಸ್ನಾಯುವಿನಲ್ಲಿ, ಅಂದರೆ ಕುಳಿತಲ್ಲಿಂದ ಏಳುವಾಗ ಕೈಯ ಆಸರೆ ಬೇಕಾಗುವುದರಲ್ಲಿ. ಇದನ್ನು ಪ್ರಾಯದ ಸಹಜ ಗತಿಯೆಂದು ಒಪ್ಪಿಕೊಂಡು ಕೈಚೆಲ್ಲುವುದೇ ವಾಡಿಕೆ. ಆದರೆ 1990ರಲ್ಲಿ ಪ್ರಕಟವಾದ ಬಾಸ್ಟನ್ನಿನ ಅಧ್ಯಯನವೊಂದರಲ್ಲಿ ವೃದ್ಧಾಶ್ರಮದ, ಸರಾಸರಿ 90 ವರ್ಷದ 10 ಮಂದಿಗೆ 8 ವಾರ ಭಾರ ಎತ್ತುವ ಅಭ್ಯಾಸ ಮಾಡಿಸಿದಾಗ, ಅದನ್ನು ಪೂರೈಸಿದವರ ಕಾಲಿನ ಬಲ ಸರಾಸರಿಯಲ್ಲಿ ಮೊದಲಿನ ಎರಡೂವರೆ ಪಟ್ಟನ್ನೂ ಮೀರಿತು. ತೊಂಬತ್ತರಲ್ಲಿಯೂ ಸ್ನಾಯು ಮರಳಿ ಬಲಿಯುತ್ತದೆ ಎಂಬ ಈ ತಿಳಿವಳಿಕೆ ಹಳ್ಳಿಯ ಚಾವಡಿಗಳಿಗೆ ಇನ್ನೂ ಸರಿಯಾಗಿ ತಲುಪದಿರುವುದು ನಿಜಕ್ಕೂ ದುಃಖದ ಸಂಗತಿ.

ತಲುಪದಂತೆ ತಡೆಯುವುದು ಹಲವೊಮ್ಮೆ ಪ್ರೀತಿಯೇ. "ಅಮ್ಮ, ನೀವು ಕೂತುಕೊಳ್ಳಿ, ನಾನು ಮಾಡ್ತೇನೆ" ಎಂಬ ಸೊಸೆಯ ಮಾತಿನಲ್ಲಿ ಗೌರವವಿದೆ, ಆದರೆ ಅದೇ ಮಾತು ವರ್ಷಗಟ್ಟಲೆ ನಡೆದರೆ ಕುಳಿತವರು ಏಳಲಾರದವರಾಗುತ್ತಾರೆ. ಇದಕ್ಕೆ ಕರಾವಳಿಯ ಮಳೆಗಾಲವೂ ಸೇರಿಕೊಳ್ಳುತ್ತದೆ: ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುರಕಲ್ಲಿನ ಮೆಟ್ಟಿಲಿಗೂ ಅಂಗಳಕ್ಕೂ ಹಾವಸೆ ಹಿಡಿದು ಜಾರುವುದರಿಂದ ಹಿರಿಯರು ಜಗಲಿ ಬಿಟ್ಟು ಇಳಿಯುವುದಿಲ್ಲ, ಇಳಿಯದ ನಾಲ್ಕು ತಿಂಗಳಲ್ಲಿ ಕಾಲು ಸೋಲುತ್ತದೆ, ಸೋತ ಕಾಲಿನಿಂದ ಇಳಿದಾಗ ಬೀಳುತ್ತಾರೆ. ಮೂಳೆ ತೆಳುವಾಗುವ ಆಸ್ಟಿಯೋಪೊರೋಸಿಸ್ ಇದ್ದವರಿಗೆ ಅಂಥ ಒಂದು ಬೀಳುವಿಕೆಯೇ ತೊಡೆಸಂದಿನ ಮೂಳೆ ಮುರಿಯಲು ಸಾಕು.

ಫಿಸಿಯೋಥೆರಪಿಯನ್ನು ಮೂಳೆ ಮುರಿದ ಮೇಲಿನ ಅಥವಾ ಪಾರ್ಶ್ವವಾಯು ಬಡಿದ ಮೇಲಿನ ಚಿಕಿತ್ಸೆಯೆಂದಷ್ಟೇ ತಿಳಿಯುವುದರಿಂದ ಅದರ ಅರ್ಧ ಪ್ರಯೋಜನ ಕೈತಪ್ಪುತ್ತದೆ. 1953ರಲ್ಲಿ ಡಾ. ಟಿ. ಎಂ. ಎ. ಪೈ ಅವರು ವೈದ್ಯಕೀಯ ಕಾಲೇಜು ಆರಂಭಿಸಿದ ಮಣಿಪಾಲದಲ್ಲಿ ಇಂದು ಈ ವಿದ್ಯೆಯ ಕಲಿಕೆಯೂ ಚಿಕಿತ್ಸೆಯೂ ನಡೆಯುತ್ತಿದ್ದು, ಬೀಳುವ ಮೊದಲೇ ಅಪಾಯವನ್ನು ಅಳೆಯುವ ಕ್ರಮಗಳು ಅದರಲ್ಲಿವೆ. ಕುರ್ಚಿಯಿಂದ ಎದ್ದು, ಮೂರು ಮೀಟರ್ ನಡೆದು, ತಿರುಗಿ ಬಂದು ಮತ್ತೆ ಕುಳಿತುಕೊಳ್ಳಲು 12 ಸೆಕೆಂಡು ಅಥವಾ ಅದಕ್ಕಿಂತ ಹೆಚ್ಚು ಹಿಡಿದರೆ ಬೀಳುವ ಸಂಭವ ಹೆಚ್ಚೆಂದು ಎಣಿಸುವುದು ಅವುಗಳಲ್ಲೊಂದು. ಇದಕ್ಕೆ ಮದ್ದೂ ಅದೇ ಕುರ್ಚಿಯಲ್ಲಿದೆ: ಗೋಡೆಗೆ ಒತ್ತಿಟ್ಟ, ಕೈಯಿರುವ ಗಟ್ಟಿ ಕುರ್ಚಿಯ ಅಂಚಿಗೆ ಸರಿದು, ಪಾದಗಳನ್ನು ಮೊಣಕಾಲಿಗಿಂತ ತುಸು ಹಿಂದಕ್ಕೆಳೆದು, ಮೂಗು ಹೆಬ್ಬೆರಳಿನ ನೇರಕ್ಕೆ ಬರುವಷ್ಟು ಮುಂದೆ ಬಾಗಿ ಎದ್ದು, ಧೊಪ್ಪನೆ ಕೂರದೆ ನಿಧಾನಕ್ಕೆ ಇಳಿಯುವುದು, ಈ ಇಳಿಯುವ ಕ್ಷಣದಲ್ಲಿಯೇ ತೊಡೆ ಹೆಚ್ಚು ಕಲಿಯುತ್ತದೆ. ಮೊಣಕಾಲಿನ ಮೃದ್ವಸ್ಥಿ ಸವೆದವರೂ ನೋವಿಗೆ ಹೆದರಿ ನಡಿಗೆ ಬಿಡಬೇಕಾಗಿಲ್ಲ, ಸುತ್ತಲಿನ ಸ್ನಾಯು ಬಲಿತಷ್ಟೂ ಕೀಲಿನ ಮೇಲಿನ ಹೊರೆ ಹಗುರಾಗುತ್ತದೆ.

ಅಜ್ಜರಕಾಡಿನ ಭುಜಂಗ ಪಾರ್ಕಿನಲ್ಲೋ ಮಣಿಪಾಲದ ಮಣ್ಣಪಳ್ಳದ ದಂಡೆಯಲ್ಲೋ ಬೆಳಿಗ್ಗೆ ನಡೆಯುವವರು ಒಳ್ಳೆಯ ಕೆಲಸವನ್ನೇ ಮಾಡುತ್ತಿದ್ದಾರೆ, ಆದರೆ ನಡಿಗೆಯೊಂದೇ ಸಾಲದು. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ 65 ದಾಟಿದವರಿಗೆ ವಾರಕ್ಕೆ 150ರಿಂದ 300 ನಿಮಿಷದ ಸಾಧಾರಣ ಶ್ರಮದ ಜೊತೆಗೆ ಮೂರು ದಿನವಾದರೂ ಸಮತೋಲನ ಮತ್ತು ಬಲದ ಅಭ್ಯಾಸವನ್ನು ಹೇಳುತ್ತದೆ. ಕಾಪುವಿನ ದೀಪಸ್ತಂಭದ ಬುಡದ ಸಡಿಲ ಮರಳು ಹಿಮ್ಮಡಿ ಗಂಟಿಗೆ ಒಳ್ಳೆಯ ಕೆಲಸ ಕೊಡುತ್ತದಾದರೂ ತೂಕ ತಪ್ಪುವವರಿಗೆ ಅಲೆ ಒತ್ತಿ ಗಟ್ಟಿ ಮಾಡಿದ ಮರಳೇ ಲೇಸು. ಒಳ್ಳೆಯ ಚಿಕಿತ್ಸಕರು ಎಲ್ಲಿ ನೋವೆಂದು ಕೇಳಿದ ಮೇಲೆ ಏನು ಮಾಡುವ ಆಸೆಯೆಂದೂ ಕೇಳುತ್ತಾರೆ. 1432ರಲ್ಲಿ ವೀರಪಾಂಡ್ಯ ನಿಲ್ಲಿಸಿದ 42 ಅಡಿಯ ಗೊಮ್ಮಟನ ಬಳಿಗೆ ಕಾರ್ಕಳದ ಬಂಡೆಯ ಮೆಟ್ಟಿಲೇರಬೇಕು, ಉಡುಪಿಯ ಮಠದ ಪಂಕ್ತಿಯಲ್ಲಿ ನೆಲಕ್ಕೆ ಕುಳಿತು ಉಣ್ಣಬೇಕು ಎಂಬಂಥ ಉತ್ತರ ಸಿಕ್ಕಿದರೆ ಅಭ್ಯಾಸಕ್ಕೊಂದು ಗುರಿ ಸಿಕ್ಕಿದಂತೆ, ಮೆಟ್ಟಿಲಿಗೆ ಬೇಕಾದ ಬಲವೂ ಪಂಕ್ತಿಗೆ ಬೇಕಾದ ಬಾಗುವಿಕೆಯೂ ಬೇರೆಬೇರೆಯಾಗಿ ತಯಾರಾಗುತ್ತವೆ.

ಮಕ್ಕಳು ಮುಂಬಯಿಯಲ್ಲೋ ಕೊಲ್ಲಿ ದೇಶಗಳಲ್ಲೋ ಇದ್ದು, ದೊಡ್ಡ ಮನೆಯಲ್ಲಿ ತಂದೆತಾಯಿಯನ್ನು ಹೋಂ ನರ್ಸ್ ನೋಡಿಕೊಳ್ಳುವ ಸಂಸಾರಗಳು ಈ ಜಿಲ್ಲೆಯಲ್ಲಿ ಅಪರೂಪವಲ್ಲ. ಅಂಥಲ್ಲಿ ಚಿಕಿತ್ಸಕರನ್ನು ಮನೆಗೆ ಕರೆಸಿ ಆ ಹೋಂ ನರ್ಸ್‌ಗೆ ಯಾವ ಮಗ್ಗುಲಲ್ಲಿ ನಿಲ್ಲಬೇಕು, ಸೊಂಟದ ಹತ್ತಿರ ಹೇಗೆ ಕೈ ಹಿಡಿಯಬೇಕು, ಎಷ್ಟು ಹೊತ್ತು ಎತ್ತದೆ ಕಾಯಬೇಕು ಎಂಬುದನ್ನು ಕಲಿಸಿಕೊಡುವುದು, ಹೊಸ ಮಂಚ ತರಿಸುವುದಕ್ಕಿಂತ ಮೊದಲು ಆಗಬೇಕಾದ ಕೆಲಸ.