ನಿಂತೇ ಸವಿಯುವ ವೆನಿಸ್

ವೆನಿಸ್‌ನ ರಿಯಾಲ್ಟೊ ಮಾರುಕಟ್ಟೆಯ ಹತ್ತಿರದ ಓಣಿಯೊಂದರಲ್ಲಿ ಕಾಂತೀನಾ ದೋ ಮೋರಿ ಎಂಬ ವೈನ್ ಅಂಗಡಿ ಇದೆ. 1462ರಿಂದ ನಡೆಯುತ್ತಿದೆ ಎಂಬುದು ಅದರ ಹೆಮ್ಮೆ. ಚಾವಣಿ ತುಂಬ ತಾಮ್ರದ ಕೊಡಪಾನಗಳು ತೂಗಾಡುತ್ತವೆ. ಕೂರಲು ಮಾತ್ರ ಜಾಗವಿಲ್ಲವೆಂದೇ ಹೇಳಬೇಕು. ಬಂದವರು ನಿಂತೇ ತಿನ್ನುತ್ತಾರೆ, ನಿಂತೇ ಕುಡಿಯುತ್ತಾರೆ.

ಇಂಥವಕ್ಕೆ ಅಲ್ಲಿ ಬಾಕರೊ ಎನ್ನುತ್ತಾರೆ. ಗಾಜಿನ ಪೆಟ್ಟಿಗೆಯಲ್ಲಿ ಒಂದೆರಡು ತುತ್ತಿನ ಚಿಕೆತ್ತಿಗಳು ಸಾಲಾಗಿರುತ್ತವೆ, ಬೆರಳು ತೋರಿಸಿದರೆ ಸಾಕು. ಬೂತಾಯಿಯ ಬಳಗದ ಮೀನನ್ನು ಕರಿದು, ಈರುಳ್ಳಿ, ವಿನೆಗರ್, ಒಣದ್ರಾಕ್ಷಿಯಲ್ಲಿ ನೆನೆಸಿಟ್ಟರೆ ಸಾರ್ದೆ ಇನ್ ಸಾವೋರ್. (ಮಂಗಳೂರಿನವರು ಆ ದ್ರಾಕ್ಷಿಯನ್ನು ಒಪ್ಪಲಿಕ್ಕಿಲ್ಲ.)

ಸೊಗಸಾದ ಕಥೆ ಬಕ್ಕಲಾ ಮಾಂತೆಕಾತೊದ್ದು. ಒಣ ಕಾಡ್ ಮೀನನ್ನು ನೆನೆಸಿ, ಬೇಯಿಸಿ, ಎಣ್ಣೆ ಹನಿಸುತ್ತ ಬೆಣ್ಣೆಯಂತಾಗುವವರೆಗೆ ಕಡೆಯುತ್ತಾರೆ. ನೀರಿನ ಮೇಲೇ ನಿಂತ ಊರಿಗೆ ಮೀನು ಬರುವುದು ನಾರ್ವೆಯಿಂದ! 1432ರಲ್ಲಿ, ಹಡಗು ಕಳೆದುಕೊಂಡ ವೆನಿಸ್ ವರ್ತಕ ಪಿಯೆತ್ರೊ ಕ್ವೆರೀನಿ ಅಲ್ಲಿನ ರೋಸ್ಟ್ ದ್ವೀಪ ಸೇರಿದ. ಜನ ಗಾಳಿಗೊಡ್ಡಿ ಮೀನು ಒಣಗಿಸುವುದನ್ನು ಕಂಡು ವರದಿ ಬರೆದ. ಈ ರುಚಿಯ ಮೂಲ ಅವನೇ ಎಂದು ವೆನಿಸ್ ನಂಬಿದೆ.

ರಾತ್ರಿಯೂಟಕ್ಕೆ ದೋ ಮೋರಿಯನ್ನು ನೆಚ್ಚಬೇಡಿ, ಬೇಗ ಬಾಗಿಲು ಹಾಕುತ್ತದೆ.