ಹತ್ತು ಏಕತಾರಿ ಬಿಡಿಸಿದೆವು, ಊರಲ್ಲಿರುವುದು ಒಂದೇ

ಈ ಬೇಸಿಗೆಯಲ್ಲಿ ನಾವಿಬ್ಬರು ಗೆಳೆಯರು ಡಾಬಕಾದಲ್ಲಿದ್ದೆವು. ಮಧ್ಯಾಹ್ನದ ಬಿಸಿಲಿಗೆ ಹುಡುಗರೆಲ್ಲ ಕಟ್ಟೆ ಮೇಲೆ ಕೂತು ಮೊಬೈಲಿನಲ್ಲಿ ಕಾರ್ಡ್ ಆಟ ಆಡುತ್ತಿದ್ದರು. ಒಂದೊಂದು ಕಾರ್ಡಿನಲ್ಲಿ ಒಂದೊಂದು ಚಿತ್ರ. ಒಂದರಲ್ಲಿ ಯಾವುದೋ ತಂತಿವಾದ್ಯ. "ಇದೇನು?" ಎಂದು ಕೇಳಿದೆವು. "ಗೊತ್ತಿಲ್ಲಣ್ಣಾ, ಇದನ್ನ ಒಗದ್ರ ಎದುರಿನವನ ಪವರ್ ಕಡಿಮಿ ಆಗ್ತದ" ಎಂದ ಒಬ್ಬ.

ನಮಗೆ ಗಂಜೀಫಾ ನೆನಪಾಯಿತು. ಅದು ನಮ್ಮ ದೇಶದ ಹಳೆಯ ಎಲೆಯಾಟ. ಎಲೆಗಳು ಸಾಮಾನ್ಯವಾಗಿ ದುಂಡಗೆ ಇರುತ್ತವೆ. ಬಾಬರ್ 1527ರಲ್ಲಿ ಸಿಂಧ್‌ನ ಗೆಳೆಯನಿಗೆ ಗಂಜೀಫಾ ಕಳಿಸಿದ್ದನ್ನು ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ. ಮೊಗಲ್ ಗಂಜೀಫಾದಲ್ಲಿ ಎಂಟು ಬಣ, ಬಣಕ್ಕೆ 12 ಎಲೆ, ಒಟ್ಟು 96. ದಶಾವತಾರ ಗಂಜೀಫಾದಲ್ಲಿ 120. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ತಾವೇ ಹೊಸ ಹೊಸ ಎಲೆಯಾಟಗಳನ್ನು ರೂಪಿಸಿದ್ದರು. ನೆರೆಯ ಮಹಾರಾಷ್ಟ್ರದ ಸಾವಂತವಾಡಿಯಲ್ಲಿ ಇಂದಿಗೂ ಈ ಎಲೆಗಳನ್ನು ಕೈಯಿಂದ ಬರೆಯುತ್ತಾರೆ.

ಮೊಗಲ್ ಗಂಜೀಫಾದ ಎಂಟು ಬಣಗಳಲ್ಲಿ ಒಂದರ ಹೆಸರು 'ಚಂಗ್'. ಅದೊಂದು ತಂತಿವಾದ್ಯ. ರಾಜನ ಕಿರೀಟ, ಕತ್ತಿ, ನಾಣ್ಯಗಳ ಜೊತೆಗೆ ವಾದ್ಯಕ್ಕೂ ಸರಿಸಮ ಜಾಗ. ಹಾಗಾದರೆ ನಮ್ಮೂರಿನ ಏಕತಾರಿಗೆ ಯಾಕೆ ಒಂದು ಬಣ ಇರಬಾರದು ಅನ್ನಿಸಿತು.

ಕೈಯಲ್ಲಿದ್ದದ್ದು ಗಾಜು ಒಡೆದ ಮೊಬೈಲು, ಅದರಲ್ಲಿ ಐಬಿಸ್ ಪೇಂಟ್ ಆ್ಯಪ್. ದುಂಡನೆಯ ಎಲೆ ಮಾಡಿಕೊಂಡೆವು. ಹಿನ್ನೆಲೆಗೆ ಬಿದ್ರಿ ಹೂಜಿಯ ಕಪ್ಪು, ಗೆರೆಗೆ ಬೆಳ್ಳಿಯ ಬಿಳುಪು. ಆ್ಯಪಿನಲ್ಲಿ ಕನ್ನಡಿಯಂಥ ಒಂದು ಸಾಧನ ಇದೆ, ಎಡಕ್ಕೆ ಗೆರೆ ಎಳೆದರೆ ಬಲಕ್ಕೂ ತಾನೇ ಮೂಡುತ್ತದೆ. ಬುರುಡೆ ಗುಂಡಗೆ ಬಂತು, ಕೋಲು ನೆಟ್ಟಗೆ ನಿಂತಿತು. ಅರ್ಧ ತಾಸಿನಲ್ಲಿ ಮುಗಿಸಿ, ಹಿಗ್ಗಿನಿಂದ ಓಣಿಯ ಮುತ್ಯಾನಿಗೆ ತೋರಿಸಿದೆವು. ತತ್ವಪದ ಹಾಡುತ್ತ ಬಾಳು ಸವೆಸಿದವರು ಅವರು.

ಮುತ್ಯಾ ಮೊಬೈಲನ್ನು ದೂರ ಹಿಡಿದು ನೋಡಿದರು. "ತಮ್ಮಾ, ಎರಡು ತಂತಿ ಹಾಕೀರಿ. ಎರಡಿದ್ರ ಅದು ಏಕತಾರಿ ಹ್ಯಾಂಗ ಆಗ್ತದ?"

ನೋಡಿದರೆ ನಿಜ! ಕನ್ನಡಿ ಸಾಧನ ತಂತಿಯನ್ನೂ ಜೋಡಿ ಮಾಡಿಬಿಟ್ಟಿತ್ತು. ನಮ್ಮ ಕಣ್ಣಿಗೆ ಬಿದ್ದಿರಲೇ ಇಲ್ಲ.

"ಮತ್ತ ಕುದುರಿ ಎಲ್ಲ್ಯದ? ಕುದುರಿ ಇಲ್ದಿದ್ರ ತಂತಿ ಚರ್ಮಕ್ಕ ಹತ್ತತದ, ನಾದ ಬರಂಗಿಲ್ಲ."

ಒಳಗೆ ಹೋಗಿ ಗೂಟಕ್ಕೆ ತೂಗುಹಾಕಿದ್ದ ಏಕತಾರಿ ಇಳಿಸಿ ತಂದರು. ಧೂಳು ಒರೆಸಿ ನಮ್ಮ ಮಡಿಲಿಗಿಟ್ಟರು. ಒಣಗಿದ ಸೋರೆ ಬುರುಡೆ, ಬಾಯಿಗೆ ಬಿಗಿದ ಚರ್ಮ, ಬುರುಡೆಯನ್ನು ತೂರಿಹೋದ ಬಿದಿರಿನ ಕೋಲು. ತಂತಿ ಕೋಲಿನ ಕೆಳತುದಿಯಿಂದ ಹೊರಟು, ಚರ್ಮದ ಮೇಲಿನ ಕುದುರೆಯನ್ನು ದಾಟಿ, ಮೇಲಿನ ಬಿರಡೆಗೆ ಸುತ್ತಿಕೊಂಡಿತ್ತು. ಕೋಲು ಅಳೆದೆವು, ನಾಲ್ಕು ಗೇಣು. ಚರ್ಮ ಅಂಚಿನಲ್ಲಿ ಹರಿದಿತ್ತು. ಬುರುಡೆಗೆ ಬಿರುಕು ಬಿಟ್ಟಿತ್ತು. ಈಗ ಗುಡಿಯ ಭಜನೆಗೆ ಹಾರ್ಮೋನಿಯಂ, ಮೈಕು ಇವೆ. ಇದನ್ನು ಕೇಳುವವರಿಲ್ಲ.

ಮತ್ತೆ ಮೊದಲಿನಿಂದ ಬಿಡಿಸಿದೆವು. ಬುರುಡೆಗೆ ಮಾತ್ರ ಕನ್ನಡಿ ಸಾಧನ. ತಂತಿಗೆ ಬೇರೆಯೇ ಲೇಯರ್, ಬೆರಳಿನಿಂದ ಒಂದೇ ಗೆರೆ. ಆಮೇಲೆ ಗಂಜೀಫಾದ ಲೆಕ್ಕದಂತೆ ಇಡೀ ಬಣ ಮಾಡಿದೆವು: ರಾಜ, ಮಂತ್ರಿ, ಒಂದರಿಂದ ಹತ್ತರವರೆಗಿನ ಎಲೆ. ಒಮ್ಮೆ ಬಿಡಿಸಿದ ಮೇಲೆ ಕಾಪಿ ಮಾಡುವುದು ಸುಲಭ. ಹತ್ತರ ಎಲೆ ಎರಡು ನಿಮಿಷದಲ್ಲಿ ಸಿದ್ಧವಾಯಿತು.

ಸಂಜೆ ಮುತ್ಯಾ ಬೆರಳಿಟ್ಟು ಎಣಿಸಿದರು. ಒಂದು, ಎರಡು, ಮೂರು... ಹತ್ತು.

"ಛಂದ ಆಗ್ಯದ ತಮ್ಮಾ. ಆದ್ರ ಊರಾಗ ಇರೋದು ಇದೊಂದೇ. ಅದೂ ಹರದದ."

ನಮಗೆ ಮಾತೇ ಹೊರಡಲಿಲ್ಲ.

ಹೊಸದು ಮಾಡಲು ಏನು ಬೇಕೆಂದು ಕೇಳಿದೆವು. ಮೊದಲು ಬುರುಡೆ ಬೇಕಂತೆ. ಪಲ್ಯದ ಸೋರೆ ನಡೆಯುವುದಿಲ್ಲ, ಕಹಿ ಸೋರೆಯೇ ಆಗಬೇಕು. ಕಾಯಿ ಬಳ್ಳಿಯಲ್ಲೇ ಬಲಿತು ಒಣಗಬೇಕು. ಮುತ್ಯಾನ ಮನೆಯ ಹಳೆ ಡಬ್ಬಿಯಲ್ಲಿ ಬಟ್ಟೆಗೆ ಕಟ್ಟಿಟ್ಟ ಬೀಜಗಳಿದ್ದವು. ಮುಂಗಾರು ಬಿದ್ದಾಗ ಹೊಲದ ಬೇಲಿಯ ಬದಿಗೆ ಊರಿದೆವು. ಎಂಟರಲ್ಲಿ ಮೂರು ಹುಟ್ಟಿವೆ. ಬಳ್ಳಿ ಈಗ ಬೇಲಿ ಹತ್ತಿದೆ.

ಹುಡುಗರು ನಮ್ಮ ಎಲೆಗಳಿಂದ ಆಡಲು ಶುರುಮಾಡಿದ್ದಾರೆ. ಅದನ್ನು ಏಕತಾರಿ ಅನ್ನುತ್ತಾರೆಂದು ಈಗ ಅವರಿಗೆ ಗೊತ್ತು. ಅದರ ನಾದ ಹೇಗಿರುತ್ತದೆ ಎಂದು ಗೊತ್ತಾಗಲು ಕಾಯಿ ಒಣಗುವವರೆಗೆ ಕಾಯಬೇಕು.

ನಿಮ್ಮ ಮನೆಯ ಗೂಟಕ್ಕೂ ಚೌಡಿಕೆಯೋ ದಿಮ್ಮಡಿಯೋ ತೂಗುಬಿದ್ದಿರಬಹುದು. ಚಿತ್ರ ಬಿಡಿಸಬೇಕೆಂದಿದ್ದರೆ ಮೊದಲು ಅದನ್ನು ಕೆಳಗಿಳಿಸಿ. ಬಾರಿಸಬಲ್ಲವರ ಹತ್ತಿರ ಕೂತು ಕೇಳಿ. ತಂತಿ ಎಷ್ಟು ಎಂದು ಎಣಿಸಿ. ಮೊಬೈಲು ಆಮೇಲೆ ತೆಗೆದರಾಯಿತು.